ನಾವು ತಿಕೋಟಾ ತಾಲೂಕಿನಲ್ಲಿದ್ದಾಗ

ನನ್ನ ಕಾಗದಪತ್ರಗಳನ್ನು ನಂಬುವುದಾದರೆ ನಾನು ಮೂರು ತಾಲೂಕುಗಳ ಮಗಳು. ಶಾಲೆಯ ದಾಖಲೆಯಲ್ಲಿ ನಮ್ಮ ತಾಲೂಕು ವಿಜಯಪುರ. ಬಿ.ಎಡ್. ಮುಗಿದ ಮೇಲೆ ಮಾಡಿಸಿದ ಪ್ರಮಾಣಪತ್ರದಲ್ಲಿ ತಿಕೋಟಾ. ನೌಕರಿಗೆ ಸೇರುವಾಗ ಕೊಟ್ಟ ಪತ್ರದಲ್ಲಿ ಬಬಲೇಶ್ವರ. ಈ ನಡುವೆ ನಮ್ಮ ಮನೆ ಒಂದು ಗೇಣೂ ಆಚೀಚೆ ಸರಿದಿಲ್ಲ. ಅದೇ ಮಣ್ಣಿನ ಮಾಳಿಗೆ, ಅದೇ ಸೋರುವ ಮೂಲೆ. ನೌಕರಿಗೆ ಸೇರಿದ ದಿನ ಕಚೇರಿಯ ಗುಮಾಸ್ತರು ಮೂರನ್ನೂ ಮುಂದೆ ಹರಡಿಕೊಂಡು, "ಏನ್ರಿ ಮೇಡಂ, ನೀವು ಒಂದ ಸಲ ಹುಟ್ಟೀರೋ, ಮೂರ ಸಲ ಹುಟ್ಟೀರೋ?" ಎಂದು ಕೇಳಿದರು. ನನಗೆ ನಗು ಬರಲಿಲ್ಲ. ಮೂರರಲ್ಲಿ ನಡುವಿನ ತಾಲೂಕಿನ ಬಗ್ಗೆ ಅವರಿಗೆ ಹೇಳುವುದು ಬಹಳವಿತ್ತು, ಆದರೆ ಅವರಿಗೆ ಊಟದ ಹೊತ್ತಾಗಿತ್ತು.

ಈಗ ನಾನು ವಿಜಯಪುರದ ಅಥಣಿ ರಸ್ತೆಯ ಹೊಸ ಬಡಾವಣೆಯೊಂದರಲ್ಲಿ ಬಾಡಿಗೆಗಿದ್ದೇನೆ. ಅವರಿಗೆ ಹೇಳದೆ ಉಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಊರಿನ ಹೆಸರು ಬೇಡ. ಹೆಸರು ಬರೆದರೆ ಅಲ್ಲಿಯ ಹೆಣ್ಣುಮಕ್ಕಳು ನನ್ನನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ. ತಿಕೋಟಾಕ್ಕೂ ಬಬಲೇಶ್ವರಕ್ಕೂ ನಡುವೆ, ನಿಡೋಣಿಯ ಕಡೆಗೆ ಹೋಗುವ ದಾರಿಯಿಂದ ಒಂದಿಷ್ಟು ಒಳಗೆ, ಕರಿಮಣ್ಣಿನ ಹೊಲಗಳ ಮಧ್ಯೆ ಇದೆ ಎಂದಷ್ಟು ತಿಳಿದರೆ ಸಾಕು. ಮೊದಲೆಲ್ಲ ನಮ್ಮ ಸರ್ಕಾರಿ ಕೆಲಸ ಏನಿದ್ದರೂ ವಿಜಯಪುರಕ್ಕೇ ಹೋಗಬೇಕಿತ್ತು. ಆಮೇಲೆ ತಿಕೋಟಾ, ಬಬಲೇಶ್ವರ ಎರಡೂ ತಾಲೂಕುಗಳಾದವು. ಎರಡೂ ಊರುಗಳಿಗೆ ಪಟ್ಟಣ ಪಂಚಾಯಿತಿ ಬಂತು. ನಿನ್ನೆಯವರೆಗೆ ನಮ್ಮ ಹಾಗೆಯೇ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದ ಅಲ್ಲಿಯ ಮಂದಿ ಬೆನ್ನ ಹಿಂದೆ ಕೈಕಟ್ಟಿಕೊಂಡು ಅಡ್ಡಾಡತೊಡಗಿದರು. ಹಂಚಿಕೆಯಲ್ಲಿ ನಮ್ಮೂರು ತಿಕೋಟಾದ ಪಾಲಿಗೆ ಬಂತು.

ನಮ್ಮೂರ ಗಂಡಸರಿಗೆ ಅದರಿಂದ ಸಮಾಧಾನವಾಗಲಿಲ್ಲ. ಬಬಲೇಶ್ವರ ಸಮೀಪ ಎಂದು ಒಬ್ಬರು, ಅಲ್ಲಿ ಬೀಗರಿದ್ದಾರೆ ಎಂದು ಇನ್ನೊಬ್ಬರು, ಅಲ್ಲಿಯ ಚಹಾ ಚಲೋ ಇರುತ್ತದೆ ಎಂದು ಮತ್ತೊಬ್ಬರು ರಾಗ ತೆಗೆದರು. ಅರ್ಜಿಗಳು ಹೋದವು. ಕೆಲವು ಕಾಲದ ಮೇಲೆ ನಮ್ಮೂರನ್ನು ಬಬಲೇಶ್ವರಕ್ಕೆ ಸೇರಿಸಿದ ಸುದ್ದಿ ಬಂತು. ಶಾಲೆಯ ಗೋಡೆಯ ಮೇಲೆ 'ತಾ: ತಿಕೋಟಾ' ಎಂದು ಬರೆದ ಬಣ್ಣ ಇನ್ನೂ ಮಾಸಿರಲಿಲ್ಲ. ಅದನ್ನು ಅಳಿಸಿ ಬೇರೆ ಬರೆಯಲು ಕರೆಸಿದ ಪೇಂಟರ್, "ಈ ಸಲ ಪೆನ್ಸಿಲ್‌ಲೆ ಬರೀಲೇನ್ರಿ?" ಎಂದು ಕೇಳಿದನಂತೆ.

ಇಷ್ಟೆಲ್ಲ ಆಗುವಾಗ ಯಾರೂ ನಮ್ಮ ದೊಡ್ಡವ್ವನನ್ನು ಒಂದು ಮಾತು ಕೇಳಲಿಲ್ಲ. ನನಗೆ ಸಿಟ್ಟು ಬರುವುದು ಅಲ್ಲಿಯೇ.

ದೊಡ್ಡವ್ವ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ದೊಡ್ಡಪ್ಪ ತೀರಿಕೊಂಡ ಮೇಲೆ ಮಗ, ಸೊಸೆಯ ಜೊತೆಗಿದ್ದಳು. ಆ ಮಗ ನನಗೆ ಅಣ್ಣ, ಅವನ ಹೆಂಡತಿ ನನಗೆ ವೈನಿ. ದೊಡ್ಡವ್ವನಿಗೆ ಒಡಹುಟ್ಟಿದವಳು ಒಬ್ಬಳೇ ತಂಗಿ. ಅವಳನ್ನು ತಿಕೋಟಾಕ್ಕೆ ಕೊಟ್ಟಿದ್ದರು. ನಮಗೆಲ್ಲ ಅವಳು ಚಿಗವ್ವ. ನೇರ ನೋಡಿದರೆ ಎರಡು ಊರುಗಳ ನಡುವೆ ದೂರ ಹೆಚ್ಚಿಲ್ಲ. ಆದರೆ ನೇರ ಬಸ್ಸಿರಲಿಲ್ಲ. ನಮ್ಮೂರ ಕ್ರಾಸಿನವರೆಗೆ ನಡೆದು, ಅಲ್ಲಿ ಬಸ್ಸು ಹಿಡಿದು ವಿಜಯಪುರಕ್ಕೆ ಹೋಗಿ, ಅಲ್ಲಿ ಬಸ್ಸು ಬದಲಿಸಿ, ಮತ್ತೆ ಅಥಣಿ ರಸ್ತೆ ಹಿಡಿದು ತಿಕೋಟಾಕ್ಕೆ ಬರಬೇಕು. ಮೊಣಕಾಲು ನೋವಿನ ತಾಯಿಯನ್ನು ಅಣ್ಣ ಅಷ್ಟು ದೂರ ಒಬ್ಬಳನ್ನೇ ಬಿಡುತ್ತಿರಲಿಲ್ಲ. ತಾನೇ ಕರೆದುಕೊಂಡು ಹೋಗಲು ಅವನಿಗೆ ಹೊಲದಿಂದ ಪುರಸೊತ್ತಿರಲಿಲ್ಲ. ಯಾರದಾದರೂ ಮದುವೆಯೋ ಮಣ್ಣೋ ಆದರೆ ಅಕ್ಕತಂಗಿಯರು ಮುಖ ನೋಡುತ್ತಿದ್ದರು. ಮಂದಿಯ ನಡುವೆ ಮುಖ ನೋಡಿದ್ದೇ ಬಂತು, ಮಾತಿಗೆ ಪುರಸೊತ್ತಿಲ್ಲ.

ಫೋನಿತ್ತಲ್ಲ ಎನ್ನಬಹುದು. ದೊಡ್ಡವ್ವನ ಬಲಗಿವಿ ಮಂದ, ಎಡಗಿವಿ ಅದಕ್ಕಿಂತ ಮಂದ. ಸ್ಪೀಕರ್ ಹಾಕದೆ ಅವಳಿಗೆ ಏನೂ ಕೇಳುವುದಿಲ್ಲ. ಸ್ಪೀಕರ್ ಹಾಕಿದರೆ ಚಿಗವ್ವನ ದನಿ ಪಡಸಾಲೆ, ಅಡುಗೆಮನೆ ದಾಟಿ ನಮ್ಮ ಹಿತ್ತಲಿನವರೆಗೂ ಮುಟ್ಟುತ್ತದೆ. ಒಮ್ಮೆ ಚಿಗವ್ವ ಆ ಕಡೆಯಿಂದ, "ಅಕ್ಕಾ, ನಿನ್ನ ಸೊಸಿ ಈಗರೆ ಮುಂಜಾನೆ ಲಗೂನ ಏಳತಾಳೇನು, ಇಲ್ಲಾ ಮೊದಲಿನಂಗನ ಅದಾಳೋ?" ಎಂದು ಕೇಳಿದಳು. ದೊಡ್ಡವ್ವ ಬಾಯಿ ತೆರೆಯುವ ಮೊದಲೇ ಒಲೆಯ ಮುಂದಿನಿಂದ ವೈನಿ, "ಎದ್ದೇನ್ರಿ ಚಿಗವ್ವಾರ, ರೊಟ್ಟಿನೂ ಬಡದೇನಿ. ನಿಮ್ಮ ಸೊಸಿ ಎದ್ದಾಳೇನ್ರಿ?" ಎಂದು ಕೂಗಿ ಉತ್ತರ ಕೊಟ್ಟಳು. ಅಂದಿನಿಂದ ಅಕ್ಕತಂಗಿಯರು ಫೋನಿನಲ್ಲಿ ಊಟ ಆಯಿತೇ, ಮಳೆ ಬಂತೇ ಎಂಬುದನ್ನು ಬಿಟ್ಟು ಬೇರೆ ಒಂದು ಮಾತೂ ಆಡಲಿಲ್ಲ.

ತಿಕೋಟಾ ತಾಲೂಕು ನಮಗೆ ತಂದುಕೊಟ್ಟ ದೊಡ್ಡ ಉಪಕಾರವೆಂದರೆ ಒಂದು ಬಸ್ಸು. ಮುಂಜಾನೆ ನಮ್ಮೂರಿಗೆ ಬಂದು ತಿಕೋಟಾಕ್ಕೆ ಹೋಗುತ್ತಿತ್ತು, ಮಧ್ಯಾಹ್ನ ಹೊರಳಿ ಬರುತ್ತಿತ್ತು. ತಹಶೀಲ್ದಾರ್ ಕಚೇರಿಗೆ ಹೋಗುವ ಗಂಡಸರಿಗೆಂದು ಬಿಟ್ಟ ಬಸ್ಸು ಅದು. ಅದರ ನಿಜವಾದ ಲಾಭ ಪಡೆದವಳು ದೊಡ್ಡವ್ವ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲಂತೂ ತಿಕೋಟಾದ ಸಂತೆಯ ದಿನ ಅವಳನ್ನು ಹಿಡಿಯುವವರೇ ಇರಲಿಲ್ಲ. ಆಗ ನಾನು ಬಿ.ಎಡ್. ಮುಗಿಸಿ ನೌಕರಿಯ ದಾರಿ ಕಾಯುತ್ತ ಮನೆಯಲ್ಲಿದ್ದೆ. ಓದಿದ ಹುಡುಗಿ ಮನೆಯಲ್ಲಿ ಸುಮ್ಮನೆ ಕೂತಿರುವುದನ್ನು ಊರು ಸಹಿಸುವುದಿಲ್ಲ. ಹಾಗಾಗಿ ದೊಡ್ಡವ್ವನ ಚೀಲ ಹಿಡಿಯುವ ಕೆಲಸ ನನಗೆ ಬಂತು.

ಸಂತೆಯ ಹಿಂಭಾಗದಲ್ಲಿ, ಒಂದು ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಚಿಗವ್ವ ಮೊದಲೇ ಬಂದು ಕೂತಿರುತ್ತಿದ್ದಳು. ನಾವು ಹೋದ ಕೂಡಲೇ ದೊಡ್ಡವ್ವ ನನಗೆ, "ಹೋಗಬೇ, ಹಸಿಮೆಣಸಿನಕಾಯಿ ತಗೊಂಡ ಬಾ. ಎಲ್ಲಾ ಕಡೆ ರೇಟ್ ಕೇಳು, ಗಡಬಡಿ ಮಾಡಬ್ಯಾಡ" ಎನ್ನುತ್ತಿದ್ದಳು. ನಾನು ಸುತ್ತು ಹೊಡೆಯುತ್ತ ದೂರದಿಂದ ನೋಡುತ್ತಿದ್ದೆ. ಎರಡು ತಲೆಗಳು ಹತ್ತಿರ ಬಂದಿರುತ್ತಿದ್ದವು. ಚಿಗವ್ವನ ಕೈ ಗಾಳಿಯಲ್ಲಿ ಆಡುತ್ತಿತ್ತು. ದೊಡ್ಡವ್ವ ಸೆರಗು ಬಾಯಿಗೆ ಹಚ್ಚಿಕೊಂಡು ನಗುತ್ತಿದ್ದಳು, ಒಮ್ಮೊಮ್ಮೆ ಅದೇ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಸಂತೆಯ ಗದ್ದಲದಲ್ಲಿ ಚಿಗವ್ವ ಎಷ್ಟು ಒದರಿದರೂ ಪಕ್ಕದವರಿಗೆ ಕೇಳುತ್ತಿರಲಿಲ್ಲ. ಮೆಣಸಿನಕಾಯಿ ತೆಗೆದುಕೊಂಡು ನಾನು ಬೇಗ ಬಂದರೆ ಇಬ್ಬರೂ ಬಾಯಿ ಮುಚ್ಚಿ ನನ್ನ ಕಡೆ ನೋಡುತ್ತಿದ್ದರು. ಮೆಣಸಿನಕಾಯಿ ಕೊಂಡದ್ದೇ ತಪ್ಪಾಯಿತೇನೋ ಅನ್ನಿಸುತ್ತಿತ್ತು.

ಹೊರಳಿ ಬರುವಾಗ ಒಮ್ಮೆ ಬಸ್ಸಿನಲ್ಲಿ ನಾನೇ ಕೇಳಿದೆ, "ಏನ್ ಅಷ್ಟ ಮಾತಾಡತೀರಿಬೇ ದೊಡ್ಡವ್ವಾ? ವೈನಿ ಮ್ಯಾಲ ಚಾಡಿ ಹೇಳತೀರೇನು?"

ದೊಡ್ಡವ್ವನಿಗೆ ಸಿಟ್ಟೇನೂ ಬರಲಿಲ್ಲ. "ಸೊಸಿ ಮ್ಯಾಲ ನನಗೇನೂ ಸಿಟ್ಟಿಲ್ಲಬೇ. ದಿನಾ ಒಂದ ಮನ್ಯಾಗ ಇದ್ದ ಮ್ಯಾಲ ಹೊಟ್ಟ್ಯಾಗ ಏನೇನರೆ ಕೂಡತಾವ. ಅಕಿ ಮುಂದ ಅಂದ್ರ ಜಗಳ ಆಗತೈತಿ, ಮಗನ ಮುಂದ ಅಂದ್ರ ಅಂವಾ ಸೊರಗತಾನ. ತಂಗಿ ಮುಂದ ಹೇಳಿಬಿಟ್ರ ಹೊಟ್ಟಿ ಹಗುರ ಆಗತೈತಿ. ಮನಿಗಿ ಬಂದು ಅಕಿ ಕೂಡ ನಕ್ಕೊಂತ ಇರಾಕ ಬರತೈತಿ."

ಅದು ನಿಜವೇ ಆಗಿತ್ತು. ಸಂತೆಯಿಂದ ಬಂದ ದಿನ ದೊಡ್ಡವ್ವ ಸೊಸೆಗೆ ಬೆಂಡು ಬತ್ತಾಸು ತಂದು ಕೊಡುತ್ತಿದ್ದಳು, ಅವಳ ತಲೆಗೆ ಎಣ್ಣೆ ಹಚ್ಚಲು ತಾನೇ ಕರೆಯುತ್ತಿದ್ದಳು. ಏನು ನಡೆಯುತ್ತಿದೆ ಎಂದು ಗೊತ್ತಿಲ್ಲದಷ್ಟು ದಡ್ಡಿಯಲ್ಲ ವೈನಿ. "ಅತ್ತಿ ಸಂತಿಗಿ ಹೋಗಿ ಬಂದ್ರಂದ್ರ ಭಾಳ ಶಾಣ್ಯಾ ಆಗತಾರ ನೋಡು" ಎಂದು ನನ್ನ ಮುಂದೆ ಕಣ್ಣು ಮಿಟುಕಿಸಿದ್ದಳು.

ಆ ದಿನಗಳಲ್ಲಿ ಒಂದೇ ತೊಂದರೆಯೆಂದರೆ ಚಿಗವ್ವನ ಡೌಲು. ತನ್ನೂರು ತಾಲೂಕಾದದ್ದು ತನ್ನ ಸ್ವಂತ ದುಡಿಮೆ ಎಂಬಂತೆ ಆಡುತ್ತಿದ್ದಳು. "ನೀನೂ ಒಮ್ಮೆರೆ ನಮ್ಮೂರಿಗಿ ಬಾ" ಎಂದು ದೊಡ್ಡವ್ವ ಕರೆದರೆ, "ತಾಲೂಕ ಎಲ್ಲೆರೆ ಹಳ್ಳಿಗಿ ಬರತೈತೇನು? ಹಳ್ಳೀನ ತಾಲೂಕಿಗಿ ಬರಬೇಕು" ಎನ್ನುತ್ತಿದ್ದಳು. ದೊಡ್ಡವ್ವ ಮೂಗು ಮುರಿದು, "ನಡುರಸ್ತೆದಾಗ ಆಕಳ ಮಲಗತಾವ, ತಾಲೂಕಂತ ತಾಲೂಕು" ಎಂದು ಬಿಡುತ್ತಿದ್ದಳು. ಆದರೆ ಮುಂದಿನ ಸಂತೆಗೆ ಮತ್ತೆ ಅವಳೇ ಮೊದಲು ತಯಾರಾಗುತ್ತಿದ್ದಳು.

ನಮ್ಮೂರು ಬಬಲೇಶ್ವರಕ್ಕೆ ಸೇರಿತು ಎಂಬ ಸುದ್ದಿಯ ಬಿಸಿ ದೊಡ್ಡವ್ವನಿಗೆ ಮುಟ್ಟಿದ್ದು ಬಸ್ಸಿನಲ್ಲಿ. ಕಂಡಕ್ಟರ್ ಒಳ್ಳೆಯ ಮನುಷ್ಯ. ನಮ್ಮ ಪುಕ್ಕಟೆ ಟಿಕೆಟ್ ಹರಿದು ಕೊಡುತ್ತ, "ಯವ್ವಾ, ಇನ್ನ ಈ ಬಸ್ ಭಾಳ ದಿನ ಇರೂದಿಲ್ಲ ಅನಸತೈತ್ರಿ" ಎಂದ. "ನಿಮ್ಮೂರ ಕಾಗದಪತ್ರ ಎಲ್ಲಾ ಬಬಲೇಶ್ವರಕ್ಕ ಹೋದ್ವು. ಗಂಡಸರು ಬರೂದ ಬಿಟ್ಟಾರ. ಖಾಲಿ ಸೀಟ್ ಹೊತ್ಕೊಂಡ ಹೋಗಿ ಏನ್ ಮಾಡೂದ್ರಿ?"

ದೊಡ್ಡವ್ವ ಬಸ್ಸನ್ನೆಲ್ಲ ಒಮ್ಮೆ ನೋಡಿದಳು. ನಾವಿಬ್ಬರು, ಒಂದು ಮೊಟ್ಟೆಯ ಬುಟ್ಟಿ, ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದ ಒಬ್ಬ ಮುದುಕ. "ಸೀಟ್ ತುಂಬಿದ್ರ?" ಎಂದು ಕೇಳಿದಳು.

"ತುಂಬಿದ್ರ ಯಾರ ಯಾಕ ನಿಲ್ಲಸ್ತಾರ್ರಿ?"

"ಪುಕ್ಕಟೆ ಮಂದಿ ತುಂಬಿದ್ರ?"

"ಪುಕ್ಕಟೆ ಟಿಕೀಟೂ ಟಿಕೀಟನ್ರಿ ಯವ್ವಾ. ಲೆಕ್ಕಕ್ಕ ಬರತೈತಿ."

ಆ ದಿನ ದೊಡ್ಡವ್ವ ಬಸ್ಸಿನಿಂದ ಇಳಿದವಳು ಮನೆಗೆ ಹೋಗದೆ ಸೀದಾ ಪಕ್ಕದ ಓಣಿಗೆ ನುಗ್ಗಿದಳು. ಚೀಲ ಹೊತ್ತು ನಾನು ಹಿಂದೆ.

ನಮ್ಮೂರಿನ ಹೆಣ್ಣುಮಕ್ಕಳನ್ನು ಸುಮ್ಮನೆ ಬಸ್ಸು ಹತ್ತಿಸುವುದು ಸುಲಭದ ಕೆಲಸವಲ್ಲ. "ನಾಳಿಂದ ತಿಕೋಟಾಕ್ಕ ಬರ್ರಿ" ಎಂದರೆ, "ಯಾಕ?" ಎನ್ನುತ್ತಾರೆ. ಕಾರಣವಿಲ್ಲದೆ ಹೊಸ್ತಿಲು ದಾಟುವುದು ನಮ್ಮಲ್ಲಿ ಗಂಡಸರ ಹಕ್ಕು. ದೊಡ್ಡವ್ವ ಮನೆಮನೆಗೆ ಹೋಗಿ ಒಬ್ಬೊಬ್ಬರಿಗೆ ಒಂದೊಂದು ಕಾರಣ ಹುಡುಕಿಕೊಟ್ಟಳು. ಒಬ್ಬಳಿಗೆ ಊರಿನ ದರ್ಜಿ ಕುಪ್ಪಸದ ತೋಳು ಬಿಗಿ ಹೊಲಿಯುತ್ತಾನೆ ಎಂದು ನೆನಪಿಸಿದಳು. ಒಬ್ಬಳಿಗೆ ತಿಕೋಟಾದಲ್ಲಿ ತಂಗಿಯ ಮಗಳು ಹಡೆದು ಎಷ್ಟು ದಿನವಾಯಿತು, ಕೂಸಿನ ಮುಖ ನೋಡಿದೆಯಾ ಎಂದು ಚುಚ್ಚಿದಳು. ಗೋಡೆಯ ಜಗಳದಲ್ಲಿ ಮಾತು ಬಿಟ್ಟಿದ್ದ ಇಬ್ಬರು ನೆರೆಯವರಿದ್ದರು. ಅವರಲ್ಲಿ ಒಬ್ಬಳ ಮನೆಗೆ ಹೋಗಿ, "ಅಕಿ ದಿನಾ ಹೊಂಟಾಳ ನೋಡು, ನೀ ಮನ್ಯಾಗ ಕುಂಡ್ರು" ಎಂದಳು. ಇನ್ನೊಬ್ಬಳ ಮನೆಗೆ ಹೋಗಿ ಅದನ್ನೇ ತಿರುಗಿಸಿ ಹೇಳಿದಳು. ಮರುದಿನ ಮುಂಜಾನೆ ಇಬ್ಬರೂ ಬಸ್ಸಿನ ಮುಂದಿನ ಸೀಟಿಗಾಗಿ ಓಡಿ ಬಂದರು.

ಗಂಡಂದಿರು ಕೇಳಿದರೆ ಏನು ಹೇಳಬೇಕು ಎಂಬುದನ್ನೂ ದೊಡ್ಡವ್ವನೇ ಕಲಿಸಿದಳು. ಬಳೆ, ಕುಪ್ಪಸ, ಕೂಸು ಎಂದರೆ ನಗುತ್ತಾರೆ. ಅದಕ್ಕೆ ಯಾರು ಕೇಳಿದರೂ ಒಂದೇ ಮಾತು, "ತಾಲೂಕಿನ್ಯಾಗ ಕೆಲಸ ಐತಿ." ನಮ್ಮ ಕಡೆ ಇದಕ್ಕಿಂತ ಭಾರದ ಮಾತು ಇಲ್ಲ. ತಾಲೂಕಿನಲ್ಲಿ ಕೆಲಸ ಇದೆ ಎಂದವನನ್ನು ಯಾರೂ ಯಾವ ಕೆಲಸ ಎಂದು ಕೇಳುವುದಿಲ್ಲ, ಕೇಳಿದರೂ ಆತ ಹೇಳುವುದಿಲ್ಲ. ಗಂಡಸರು ವರ್ಷಾನುಗಟ್ಟಲೆ ಈ ಒಂದು ಮಾತಿನ ಮೇಲೆ ಹೊಲದ ಕೆಲಸ ತಪ್ಪಿಸಿ ಚಹಾ ಕುಡಿದು ಬಂದಿದ್ದಾರೆ. ಈಗ ಹೆಣ್ಣುಮಕ್ಕಳ ಪಾಳಿ. ಕಲಿಸುವ ತರಬೇತಿ ಪಡೆದವಳು ನಾನಾದ್ದರಿಂದ ಓಣಿಯ ಮುದುಕಿಯರನ್ನು ಸಾಲಾಗಿ ಕೂರಿಸಿ ಬಾಯಿಪಾಠ ಮಾಡಿಸಿದೆ. "ಏನ್ ಕೆಲಸ ಅಂತ ಕೇಳಿದ್ರ ಏನ್ ಅನ್ನೂದಬೇ?" ಎಂದು ಒಬ್ಬಳು ಕೇಳಿದಳು. "ಏನೂ ಅನಬ್ಯಾಡ್ರಿ. ಉಸ್ಸ್ ಅಂತ ಉಸರ ಬಿಡ್ರಿ, ಸಾಕು" ಎಂದೆ. ನನ್ನ ಮೊದಲ ವಿದ್ಯಾರ್ಥಿಗಳು ಅವರೇ. ಒಬ್ಬರೂ ಫೇಲಾಗಲಿಲ್ಲ.

ಬಸ್ಸು ತುಂಬಿತು. ಬರಿ ತುಂಬಲಿಲ್ಲ, ಬಾಗಿಲಿಗೆ ಜೋತುಬಿದ್ದು ಹೋಗುವಂತಾಯಿತು. ಕಂಡಕ್ಟರನಿಗೆ ಒಂದು ಕಡೆ ಖುಷಿ, ಇನ್ನೊಂದು ಕಡೆ ಎಲ್ಲರ ಆಧಾರ್ ಕಾರ್ಡ್ ನೋಡುವಷ್ಟರಲ್ಲಿ ತಿಕೋಟಾ ಬಂದುಬಿಡುತ್ತಿತ್ತು. ಹೆಣ್ಣುಮಕ್ಕಳು ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಶೇಂಗಾ ಹೋಳಿಗೆ, ಕೆಂಪು ಚಟ್ನಿ, ಮೊಸರು. ಬಸ್ಸಿನಲ್ಲೇ ಹಂಚಾಟ ನಡೆಯುತ್ತಿತ್ತು, ಡ್ರೈವರನ ಪಾಲು ಮೊದಲು. ಗೋಡೆಯ ಜಗಳದವರು ಒಂದೇ ಸೀಟಿನಲ್ಲಿ ಕೂತು ಮೂರನೆಯವಳ ಸುದ್ದಿ ಆಡಿಕೊಳ್ಳತೊಡಗಿದರು. ಊರಿನ ಗಂಡಸರು ಮಧ್ಯಾಹ್ನದ ಸಾರನ್ನು ತಾವೇ ಬಿಸಿ ಮಾಡಿಕೊಳ್ಳಲು ಕಲಿತರು. ಕಟ್ಟೆಯ ಮೇಲೆ ಒಬ್ಬ ಹಿರಿಯರು ನನ್ನನ್ನು ತಡೆದು, "ಏನವಾ, ನಮ್ಮ ಮನ್ಯಾಕಿಗಿ ತಾಲೂಕಿನ್ಯಾಗ ದಿನಾ ಏನ್ ಕೆಲಸ?" ಎಂದು ಕೇಳಿದರು. ನಾನು ಉಸ್ಸ್ ಎಂದು ಉಸಿರುಬಿಟ್ಟೆ. ಅವರು ತಲೆ ಅಲ್ಲಾಡಿಸಿ ದಾರಿ ಬಿಟ್ಟರು.

ಇಷ್ಟೆಲ್ಲ ನಡೆದು ಸಂತೆಯ ದಿನ ಬಂತು. ದೊಡ್ಡವ್ವ ಆ ದಿನಕ್ಕಾಗಿಯೇ ತಾನೇ ಇಷ್ಟು ಒದ್ದಾಡಿದ್ದು? ಹೊಟ್ಟೆಯಲ್ಲಿ ಮಾತು ಕೂಡಿಟ್ಟುಕೊಂಡು ಬಸ್ಸು ಇಳಿದಳು. ಚಿಗವ್ವ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದಳು. ದೊಡ್ಡವ್ವ ಪಕ್ಕದಲ್ಲಿ ಕೂತಳು. ಆಮೇಲೆ ಅವಳ ಹಿಂದೆಯೇ ಇಡೀ ಬಸ್ಸು ಬಂದು ಕೂತಿತು.

ಅವರಾದರೂ ಎಲ್ಲಿಗೆ ಹೋಗಬೇಕು? ಬಳೆ ಕೊಂಡದ್ದಾಗಿತ್ತು, ಕೂಸಿನ ಮುಖ ನೋಡಿದ್ದಾಗಿತ್ತು. ಮಧ್ಯಾಹ್ನದವರೆಗೆ ಬಸ್ಸಿಲ್ಲ. ಕರೆತಂದವಳು ಎಲ್ಲಿ ಕೂತಳೋ ಅಲ್ಲಿಯೇ ಅವರ ಠಾವು. ಬುತ್ತಿ ಬಿಚ್ಚಿದರು.

ವೈನಿಯೂ ಬಂದಿದ್ದಳು. ಬಸ್ಸು ತುಂಬಬೇಕಾದರೆ ಸೊಸೆಯನ್ನು ಹೇಗೆ ಬಿಟ್ಟು ಬರುವುದು? ಅವಳು ಅಕ್ಕತಂಗಿಯರ ನಡುವೆ ಜಾಗ ಮಾಡಿಕೊಂಡು ಕೂತು, "ನಾ ಬಂದೆ ಅಂತ ಮಾತ ನಿಲ್ಲಸಬ್ಯಾಡ್ರಿ ಚಿಗವ್ವಾರ, ಮಾತಾಡ್ರಿ" ಎಂದು ಇಬ್ಬರ ಕೈಗೂ ಹೋಳಿಗೆ ಇಟ್ಟಳು.

ಚಿಗವ್ವ ಚಾಲಾಕಿ. "ಅಕ್ಕಾ, ನಿಮ್ಮನಿ ಎಮ್ಮಿ ಹೆಂಗೈತಿ? ಈಗರೆ ಹೇಳಿದಂಗ ಕೇಳತೈತೋ ಇಲ್ಲೋ?" ಎಂದಳು.

ದೊಡ್ಡವ್ವನಿಗೆ ತಿಳಿಯಿತು. "ಏನ್ ಕೇಳತೈತಿ? ಹೊತ್ತ ಏರಿದ ಮ್ಯಾಲ ಏಳತೈತಿ. ತವರಮನಿ ಹಾದಿ ಕಂಡ್ರ ಸಾಕು, ಹಗ್ಗ ಹರಕೊಂಡ ಓಡತೈತಿ" ಎಂದಳು.

ವೈನಿ ಹೋಳಿಗೆ ಮುರಿಯುತ್ತ, "ಯಾವ ಎಮ್ಮಿರಿ ಅತ್ತಿ? ನಮ್ಮ ಎಮ್ಮಿ ಮಾರಿ ವರ್ಷ ಆತಲ್ಲ" ಎಂದಳು. ಸುತ್ತಲಿದ್ದವರು ಕಿಸಕ್ಕನೆ ನಕ್ಕರು. ದೊಡ್ಡವ್ವನ ಮುಖ ಕಪ್ಪಿಟ್ಟಿತು. ವೈನಿ ಮಾತ್ರ ಎಲ್ಲರಿಗಿಂತ ಜೋರಾಗಿ ನಕ್ಕು ಇನ್ನೊಂದು ಹೋಳಿಗೆ ತೆಗೆದಳು. ಆ ದಿನ ಚಿಗವ್ವ ಮಳೆಯ ಬಗ್ಗೆ ಮಾತಾಡಿದಳು, ದೊಡ್ಡವ್ವ ಜೋಳದ ಬಗ್ಗೆ ಮಾತಾಡಿದಳು.

ಮುಂದಿನ ಸಂತೆಯಲ್ಲಿಯೂ ಅದೇ ಆಯಿತು, ಅದರ ಮುಂದಿನ ಸಂತೆಯಲ್ಲಿಯೂ. ಚಿಗವ್ವನಿಗೂ ತಾಲೂಕಿನ ಗತ್ತು ಇಳಿದಿತ್ತು. ಅವಳ ಹೊಟ್ಟೆಯಲ್ಲೂ ಅವಳ ಸೊಸೆಯ ಮಾತುಗಳು ಕೂಡಿದ್ದವಲ್ಲ. ದೊಡ್ಡವ್ವ ಮನೆಯಲ್ಲಿ ಸಣ್ಣಸಣ್ಣದಕ್ಕೆ ಸಿಡುಕತೊಡಗಿದಳು. ಸಾರಿಗೆ ಉಪ್ಪು ಹೆಚ್ಚು, ರೊಟ್ಟಿ ದಪ್ಪ, ಕಸ ಗುಡಿಸಿದ್ದು ಸರಿಯಿಲ್ಲ. ಬೆಂಡು ಬತ್ತಾಸು ಬರುವುದು ನಿಂತಿತು. ವೈನಿಯೂ ಒಂದಕ್ಕೆ ಎರಡು ಅನ್ನತೊಡಗಿದಳು. ಗೋಡೆಯ ಈ ಕಡೆ ನಮಗೆ ಎಲ್ಲವೂ ಕೇಳುತ್ತಿತ್ತು. ಒಂದು ಮಧ್ಯಾಹ್ನ ದೊಡ್ಡವ್ವ ನಮ್ಮ ಪಡಸಾಲೆಗೆ ಬಂದು ಕಂಬಕ್ಕೆ ಒರಗಿ ಕೂತು, "ಬಸ್ ಉಳೀತು, ಮಾತ ಹೋತು" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. "ಮುಖ ನೋಡತೇನಿ, ಮಾತಾಡಾಕ ಆಗವಲ್ದು. ಇದಕ್ಕಿಂತ ಮೊದಲ ಚಲೋ ಇತ್ತ. ಆಗ ಮುಖರೆ ಕಾಣತಿರಲಿಲ್ಲ."

"ಎಲ್ಲಾರಿಗೂ ಬರಬ್ಯಾಡ್ರಿ ಅಂತ ಹೇಳೂಣೇನು?" ಎಂದೆ.

"ಬರಲಿಲ್ಲಂದ್ರ ಬಸ್ ನಿಲ್ಲತೈತಿ" ಎಂದಳು. ಬೇಡವೆಂದರೂ ಅವರು ನಿಲ್ಲುತ್ತಿರಲಿಲ್ಲ, ಅದು ಬೇರೆ ಮಾತು. ಒಮ್ಮೆ ರುಚಿ ಹತ್ತಿದ ಮೇಲೆ ಅವರನ್ನು ತಡೆಯುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ಆ ಹೊತ್ತಿಗೆ ಬಸ್ ಡಿಪೋದ ಸಾಹೇಬರೊಬ್ಬರು ಬಂದರು. ಸಣ್ಣದೊಂದು ಹಳ್ಳಿಯ ಬಸ್ಸು ದಿನವೂ ಹೀಗೆ ಉಕ್ಕುವುದು ಏಕೆ ಎಂದು ಅವರಿಗೆ ಆಶ್ಚರ್ಯವಾಗಿರಬೇಕು. ಸೌಮ್ಯ ಮನುಷ್ಯ. ನಮ್ಮ ಜೊತೆಗೇ ನಿಂತುಕೊಂಡು ತಿಕೋಟಾದವರೆಗೆ ಬಂದರು. ಮೊದಲ ಸೀಟಿನ ಮುದುಕಿಯನ್ನು, "ಎಲ್ಲಿಗಿ ಹೊಂಟೀರವ್ವಾ?" ಎಂದು ಕೇಳಿದರು.

"ತಾಲೂಕಿನ್ಯಾಗ ಕೆಲಸ ಐತ್ರಿ."

ಎರಡನೆಯ ಸೀಟು. "ತಾಲೂಕಿನ್ಯಾಗ ಕೆಲಸ ಐತ್ರಿ." ಮೂರನೆಯ ಸೀಟು. "ತಾಲೂಕಿನ್ಯಾಗ ಕೆಲಸ ಐತ್ರಿ." ಯಾವ ಕೆಲಸ ಎಂದು ಅವರು ಒಬ್ಬಳನ್ನು ಕೇಳಿದರು. ಅವಳು ನಾನು ಕಲಿಸಿದಂತೆ ಎದೆ ತುಂಬ ಉಸಿರು ಎಳೆದು ಬಿಟ್ಟಳು. ಸಾಹೇಬರ ಮುಖ ಸಣ್ಣದಾಯಿತು. ನನಗೋ ಹೆಮ್ಮೆ. ಇಡೀ ಬಸ್ಸಿನಲ್ಲಿ ಒಬ್ಬಳೂ ತಡವರಿಸಲಿಲ್ಲ. ದೊಡ್ಡವ್ವನ ಪಾಳಿ ಬಂದಾಗ ಅವಳು, "ನಾವು ಬಡವರ್ರಿ ಯಪ್ಪಾ, ತಾಲೂಕ ಕೆಲಸ ಒಂದ ದಿನಕ್ಕ ಮುಗೀತೈತೇನ್ರಿ? ಬಸ್ ಮಾತ್ರ ತಪ್ಪಸಬ್ಯಾಡ್ರಿ" ಎಂದು ಕೈಮುಗಿದಳು.

"ಇಲ್ಲವ್ವಾ, ತಪ್ಪಸೂದಿಲ್ಲ" ಎಂದರು ಸಾಹೇಬರು. ಮಾತಿಗೆ ತಪ್ಪಲಿಲ್ಲ.

ಕೆಲವು ದಿನಗಳ ಮೇಲೆ ಕಂಡಕ್ಟರ್ ಸುದ್ದಿ ತಂದ. ಸಾಹೇಬರಿಗೆ ಬಹಳ ಮರುಕ ಬಂದಿತ್ತಂತೆ. ಈ ಬಡ ಹೆಣ್ಣುಮಕ್ಕಳ ಊರು ಬಬಲೇಶ್ವರಕ್ಕೆ ಸೇರಿದೆ, ಕಾಗದಪತ್ರ ಅಲ್ಲಿವೆ, ಇವರಿಗೆ ಅದು ಗೊತ್ತೇ ಇಲ್ಲ, ಹಳೆಯ ಊರಿಗೇ ದಿನವೂ ಅಲೆದು ಕೆಲಸವಾಗದೆ ನಿಟ್ಟುಸಿರು ಬಿಡುತ್ತಿದ್ದಾರೆ ಎಂದು ಅವರು ತಿಳಿದರು. ಹಾಗಾಗಿ ಬಸ್ಸನ್ನು ತಿಕೋಟಾದಿಂದ ತೆಗೆದು ನೇರ ಬಬಲೇಶ್ವರಕ್ಕೆ ಹಾಕಿಸಿದ್ದರು. ಸಂಜೆಗೆ ಇನ್ನೊಂದು ಸುತ್ತನ್ನೂ ಸೇರಿಸಿದ್ದರು.

ನಾನು ಕಲಿಸಿದ ಪಾಠ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ಊರೆಲ್ಲ ಕುಣಿಯಿತು. ಗಂಡಸರಿಗೆ ಚಹಾದ ಊರಿಗೆ ಬಸ್ಸು, ಹೆಂಗಸರಿಗೆ ನೋಡದ ಹೊಸ ಅಂಗಡಿಗಳು. ದೊಡ್ಡವ್ವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಯಾರಾದರೂ "ನಿಮ್ಮಿಂದ ಊರಿಗಿ ಬಸ್ ಬಂತ್ರಿ" ಎಂದು ಹೊಗಳಿದರೆ ಮುಖ ಗಂಟು ಹಾಕಿಕೊಂಡು ಒಳಗೆ ಹೋಗುತ್ತಿದ್ದಳು. ಗಾಯದ ಮೇಲೆ ಉಪ್ಪು ಸವರಿದಂತಾಗುತ್ತಿತ್ತು ಅವಳಿಗೆ. ಫೋನಿನಲ್ಲಿ ಚಿಗವ್ವನೂ ಮಳೆ ಬಂತೇ ಎಂದು ಕೇಳಿ ಫೋನ್ ಇಟ್ಟಳು.

ಬಬಲೇಶ್ವರದ ಮೊದಲ ಬಸ್ಸು ಬಂದದ್ದು ತಿಕೋಟಾದ ಸಂತೆಯ ದಿನವೇ. ಬಸ್ಸಿನ ಮುಂದೆ ಕಾಯಿ ಒಡೆದರು, ಹೂವಿನ ಸರ ಹಾಕಿದರು. ದೊಡ್ಡವ್ವನ ಕೊರಳಿಗೂ ಒಂದು ಹಾರ ಬಿತ್ತು. ಚೀಲ ಹಿಡಿದ ಹೆಣ್ಣುಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಹತ್ತಿದರು. ವೈನಿ ಹೊಸ ಸೀರೆಯುಟ್ಟು ಎಲ್ಲರಿಗಿಂತ ಮೊದಲು ಹತ್ತಿದ್ದಳು. ಕಿಟಕಿಯಿಂದ ಬಗ್ಗಿ, "ಬರ್ರಿ ಅತ್ತಿ, ನಿಮಗ ಮುಂದಿನ ಸೀಟ್ ಹಿಡದೇನಿ" ಎಂದು ಕರೆದಳು.

ದೊಡ್ಡವ್ವ ಒಂದು ಕಾಲು ಮೆಟ್ಟಿಲ ಮೇಲಿಟ್ಟು ಒಳಗೆ ನೋಡಿದಳು. ಕುಪ್ಪಸದವಳು, ಕೂಸಿನವಳು, ಗೋಡೆಯ ಜಗಳದ ಇಬ್ಬರು, ಸೊಸೆ. ಒಬ್ಬರೂ ತಪ್ಪಿರಲಿಲ್ಲ. ಎಲ್ಲರನ್ನೂ ನಿಧಾನವಾಗಿ ನೋಡಿದಳು. ಆಮೇಲೆ ಕಾಲು ಹಿಂದಕ್ಕೆ ತೆಗೆದು, "ಯಾಕೋ ಮೊಣಕಾಲು ಹಿಡಕೊಂಡಾವ. ನೀವು ಹೋಗಿ ಬರ್ರಿ, ಆರಾಮ ಅಡ್ಡಾಡ್ರಿ. ಸಂಜಿ ಬಸ್ಸಿಗಿ ಬಂದ್ರೂ ನಡೀತೈತಿ" ಎಂದಳು.

ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಅಣ್ಣ ಹೊಲಕ್ಕೆ ಹೋಗಿದ್ದ. ಓಣಿಯಲ್ಲಿ ಕೋಳಿಗಳ ಹೊರತು ಯಾರೂ ಇರಲಿಲ್ಲ. ಮೊಣಕಾಲು ಹಿಡಿದುಕೊಂಡವಳು ಕೊರಳ ಹಾರ ತೆಗೆದು ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಒಳಗೆ ಹೋದ ವೇಗ ನೋಡಿ ನಾನು ದಂಗಾದೆ. ಹೊರಗೆ ಬಂದಾಗ ಇಳಕಲ್ ಸೀರೆ ಉಟ್ಟಿದ್ದಳು, ಕೈಯಲ್ಲಿ ಚೀಲವಿತ್ತು.

"ಕ್ರಾಸ್ ತನಕ ಬಾ" ಎಂದಳು ನನಗೆ.

ದಾರಿಯುದ್ದಕ್ಕೂ ಅವಳು ನನಗಿಂತ ಮುಂದೆ ನಡೆದಳು. ಕ್ರಾಸಿನಲ್ಲಿ ವಿಜಯಪುರದ ಬಸ್ಸಿಗೆ ಕಾಯುತ್ತ ನಿಂತೆವು. ನಾನೂ ಸೆರಗು ಸರಿಮಾಡಿಕೊಂಡು, "ತಿಕೋಟಾಕ್ಕ ಹೋಗಾಕ ವಿಜಯಪುರದಾಗ ಬಸ್ ಬದಲ್ಸೂದೈತಿ. ನೀ ಒಬ್ಬಾಕೆ ಎಲ್ಲಿ ಕಳದ ಹೋಗತಿ, ನಾನೂ ಬರತೇನಿ" ಎಂದೆ.

"ಗೋಳಗುಮ್ಮಟ ಕಳದ ಹೋದೀತು, ನಾ ಕಳದ ಹೋಗೂದಿಲ್ಲ. ನೀ ಮನಿಗಿ ನಡಿ."

ನನಗೆ ನಿಜವಾಗಿಯೂ ಬೇಸರವಾಯಿತು. ಮನೆಮನೆಗೆ ಹಿಂದೆ ತಿರುಗಿದವಳು ನಾನು, ಮುದುಕಿಯರಿಗೆ ಪಾಠ ಹೇಳಿದವಳು ನಾನು, ಸಂತೆಸಂತೆಗೂ ಅವಳ ಚೀಲ ಹೊತ್ತವಳು ನಾನು. "ಯಾಕ ಬ್ಯಾಡಬೇ? ಎಲ್ಲಾರೂ ಬ್ಯಾಡಾದ್ರು ಸರಿ, ನಾ ಏನ್ ನಿಮಗ ಅಡ್ಡ ಬಂದೇನಿ?" ಎಂದು ಕೇಳಿದೆ.

ದೊಡ್ಡವ್ವ ನನ್ನ ಕೆನ್ನೆ ಸವರಿದಳು. "ನೀ ಭಾಳ ಚಲೋ ಹುಡುಗಿ ಅದೀ. ಆದ್ರ ಇಷ್ಟ ದಿನ ಮುಂಜಾನಿಂದ ಸಂಜಿ ತನಕ ನನ್ನ ಕೂಡನ ಇದ್ದಿ. ಸೊಸಿ ಸುದ್ದಿ ಎರಡ ಮಾತಿನ್ಯಾಗ ಮುಗೀತೈತಿ. ನಿನ್ನ ಸುದ್ದೀನ ಭಾಳ ಉಳದೈತಿ."

ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ನಾನು ಕೈ ಎತ್ತಿದೆ, ಅವಳು ನನ್ನ ಕಡೆ ನೋಡಲಿಲ್ಲ. ಆಗಲೇ ಅವಳ ತುಟಿಗಳು ಅಲ್ಲಾಡತೊಡಗಿದ್ದವು.